ಹದಿನೆಂಟು ತುಂಬಿದ ಕೂಡಲೇ ಪಾಠ ಬೇಡವಾಗುವುದೇಕೆ? ಅಮೆರಿಕದ ಚಾಲನಾ ಶಿಕ್ಷಣ ನಡೆದು ಬಂದ ದಾರಿ

ಟೆಕ್ಸಸ್‌ನಲ್ಲಿ ಹದಿನೇಳರ ಹುಡುಗನಿಗೆ ಕಾರಿನ ಲೈಸೆನ್ಸ್ ಬೇಕೆಂದರೆ 32 ಗಂಟೆ ತರಗತಿಯಲ್ಲಿ ಕೂರಬೇಕು. 7 ಗಂಟೆ ತರಬೇತುದಾರರ ಪಕ್ಕದಲ್ಲಿ ಸ್ಟೀರಿಂಗ್ ಹಿಡಿಯಬೇಕು, ಇನ್ನೊಂದು 7 ಗಂಟೆ ಕಾರಿನಲ್ಲೇ ಕೂತು ಬೇರೆಯವರು ಓಡಿಸುವುದನ್ನು ನೋಡಬೇಕು. ಅದರ ಮೇಲೆ ಮನೆಯ ಹಿರಿಯರ ಜೊತೆ 30 ಗಂಟೆ ಅಭ್ಯಾಸ, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಅದೇ ಹುಡುಗ ಹದಿನೆಂಟು ತುಂಬುವವರೆಗೆ ಕಾದರೆ ಆರು ಗಂಟೆಯ ಪಾಠ ಸಾಕು, ಅದನ್ನೂ ಆನ್‌ಲೈನ್‌ನಲ್ಲೇ ಮುಗಿಸಬಹುದು. ಇಪ್ಪತ್ತೈದು ಮುಟ್ಟಿದವರಿಗೆ ಆ ಆರು ಗಂಟೆಯೂ ಕಡ್ಡಾಯವಲ್ಲ, ಪರೀಕ್ಷೆ ಪಾಸಾದರೆ ಆಯಿತು. ರಸ್ತೆಗೆ ಮಾತ್ರ ಮೂವರೂ ಅಷ್ಟೇ ಹೊಸಬರು.

ಈ ಲೆಕ್ಕದ ಹಿಂದೆ ನೂರಿಪ್ಪತ್ತು ವರ್ಷಗಳ ಕಥೆಯಿದೆ. ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ 1903ರಲ್ಲಿ ಚಾಲಕರಿಗೆ ಲೈಸೆನ್ಸ್ ಬೇಕೆಂದವು, ಆದರೆ ಅದಕ್ಕೆ ಪರೀಕ್ಷೆ ಇರಲಿಲ್ಲ. ಓಡಿಸಿ ತೋರಿಸಿದರೇ ಲೈಸೆನ್ಸ್ ಎಂಬ ನಿಯಮವನ್ನು ಮೊದಲು ತಂದದ್ದು ರೋಡ್ ಐಲೆಂಡ್, 1908ರಲ್ಲಿ. ಉಳಿದವರಿಗೆ ಅವಸರವೇನೂ ಇರಲಿಲ್ಲ. 1930ರ ಹೊತ್ತಿಗೂ ಲೈಸೆನ್ಸ್ ಕಡ್ಡಾಯವಿದ್ದದ್ದು 24 ರಾಜ್ಯಗಳಲ್ಲಿ ಮಾತ್ರ. ಡ್ರೈವಿಂಗ್ ಎಂಬುದು ಅಪ್ಪನಿಂದಲೋ ಗೆಳೆಯನಿಂದಲೋ ಕಾರು ಮಾರಿದವನಿಂದಲೋ ಕಲಿಯುವ ವಿದ್ಯೆಯಾಗಿತ್ತು.

ಅದನ್ನು ಶಾಲೆಯ ಪಾಠವಾಗಿಸಿದವರು ಪೆನ್ಸಿಲ್ವೇನಿಯಾದ ಏಮಸ್ ನೈಹಾರ್ಟ್. ಪೆನ್ ಸ್ಟೇಟ್‌ನಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ಕಲಿಸುತ್ತಿದ್ದ ಅವರು, ನಿಲ್ಲಿಸಿದ್ದ ತಮ್ಮ ಕಾರಿಗೆ ಕುಡಿದು ಬಂದವನೊಬ್ಬ ಗುದ್ದಿದ ಮೇಲೆ ಈ ಕೆಲಸಕ್ಕೆ ಇಳಿದರೆಂದು ಹೇಳುತ್ತಾರೆ. 1930ರ ದಶಕದ ಮೊದಲರ್ಧದಲ್ಲಿ ಸ್ಟೇಟ್ ಕಾಲೇಜ್ ಊರಿನ ಹೈಸ್ಕೂಲ್ ಮಕ್ಕಳನ್ನು ತಮ್ಮದೇ 1929ರ ಗ್ರಹಾಂ-ಪೇಜ್ ಕಾರಿನಲ್ಲಿ ಕೂರಿಸಿಕೊಂಡು ಕಲಿಸತೊಡಗಿದರು. ಮುಂದೆ ಶಿಕ್ಷಕರಿಗೂ ತರಬೇತಿ ಕೊಟ್ಟರು. ಯುದ್ಧದ ನಂತರ ಈ ಪಾಠ ದೇಶವಿಡೀ ಹಬ್ಬಿತು. ತರಗತಿಯಲ್ಲಿ 30 ಗಂಟೆ, ಸ್ಟೀರಿಂಗ್ ಮುಂದೆ 6 ಗಂಟೆ ಎಂಬ ಅಳತೆ ಗಟ್ಟಿಯಾಯಿತು, ಪಾಠ ಮುಗಿಸಿದ ಮಕ್ಕಳ ವಿಮೆಗೆ ರಿಯಾಯಿತಿ ಸಿಕ್ಕಿತು. 1966ರ ಹೆದ್ದಾರಿ ಸುರಕ್ಷತಾ ಕಾಯ್ದೆಯ ನಂತರ ಫೆಡರಲ್ ಸರ್ಕಾರವೂ ಬೆನ್ನಿಗೆ ನಿಂತಿತು.

ಕಲಿತವರು ಕಡಿಮೆ ಅಪಘಾತ ಮಾಡುತ್ತಾರೆಂದು ಎಲ್ಲರೂ ನಂಬಿದ್ದರು. ಆದರೆ ಕಲಿಯಲು ಬರುತ್ತಿದ್ದವರು ಮೊದಲಿನಿಂದಲೂ ಎಚ್ಚರದ ಮಕ್ಕಳೇ ಇರಬಹುದಲ್ಲ? ಇದನ್ನು ತೀರ್ಮಾನಿಸಲೆಂದು 1970ರ ದಶಕದ ಕೊನೆಯಲ್ಲಿ ಜಾರ್ಜಿಯಾದ ಡಿಕ್ಯಾಲ್ಬ್ ಕೌಂಟಿಯಲ್ಲಿ ಭಾರೀ ಪ್ರಯೋಗವೊಂದು ನಡೆಯಿತು. ಸುಮಾರು 16,000 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಿದರು: ಒಂದಕ್ಕೆ ಅಂದಿನ ಅತ್ಯುತ್ತಮ ಪಾಠಕ್ರಮ, ಇನ್ನೊಂದಕ್ಕೆ ಲೈಸೆನ್ಸ್‌ಗೆ ಬೇಕಾದಷ್ಟು, ಮೂರನೆಯದಕ್ಕೆ ಏನೂ ಇಲ್ಲ. ಫಲಿತಾಂಶ ನಿರಾಸೆ ತಂದಿತು. ಮೊದಲ ಆರು ತಿಂಗಳು ಕಂಡ ಅಲ್ಪ ಲಾಭ ಆಮೇಲೆ ಕರಗಿಹೋಯಿತು. ಅದಕ್ಕೂ ಮುಂಚೆ, 1976ರಲ್ಲಿ ಕನೆಕ್ಟಿಕಟ್ ಶಾಲೆಗಳಿಗೆ ಈ ಪಾಠಕ್ಕೆಂದು ಕೊಡುತ್ತಿದ್ದ ಹಣ ನಿಲ್ಲಿಸಿತ್ತು. ಪಾಠ ಕೈಬಿಟ್ಟ ಊರುಗಳಲ್ಲಿ ಹದಿನಾರು-ಹದಿನೇಳರ ಮಕ್ಕಳು ಲೈಸೆನ್ಸ್ ಪಡೆಯುವುದೇ ಕಡಿಮೆಯಾಯಿತು, ಅವರ ಅಪಘಾತಗಳೂ ಇಳಿದವು. ಮಕ್ಕಳನ್ನು ಬೇಗ ರಸ್ತೆಗಿಳಿಸುವುದೇ ಈ ಪಾಠದ ದೊಡ್ಡ ಪರಿಣಾಮ ಎಂದು ವಿಮರ್ಶಕರು ಹೇಳತೊಡಗಿದರು. ಹಣದ ಮುಗ್ಗಟ್ಟಿನಲ್ಲಿದ್ದ ಶಾಲೆಗಳಿಗೆ ಅಷ್ಟು ಸಾಕಾಯಿತು. ಪಾಠ ಶಾಲೆಯಿಂದ ಖಾಸಗಿ ಡ್ರೈವಿಂಗ್ ಸ್ಕೂಲ್‌ಗಳತ್ತ ಜಾರಿತು.

ಆ ಪ್ರಯೋಗದಿಂದ ಜನ ತಪ್ಪು ಪಾಠ ಕಲಿತರೆಂದೇ ನನ್ನ ಭಾವನೆ. ಡಿಕ್ಯಾಲ್ಬ್‌ನ ಆ ಅತ್ಯುತ್ತಮ ಪಾಠಕ್ರಮವನ್ನು ಬಿಡಿಸಿ ನೋಡಿ. ಒಟ್ಟು ಸುಮಾರು 70 ಗಂಟೆ. ಅದರಲ್ಲಿ ತರಗತಿ 32, ಸಿಮ್ಯುಲೇಟರ್ 16, ಮುಚ್ಚಿದ ಮೈದಾನದಲ್ಲಿ 16, ಡಿಕ್ಕಿ ತಪ್ಪಿಸುವ ಅಭ್ಯಾಸ 3. ನಿಜವಾದ ರಸ್ತೆಯಲ್ಲಿ ಮೂರು ಗಂಟೆ ಚಿಲ್ಲರೆ, ರಾತ್ರಿ ಚಾಲನೆ 20 ನಿಮಿಷ! ಹೊಸಬರು ಎಲ್ಲಿ ಸೋಲುತ್ತಾರೋ ಅಲ್ಲಿಗೆ ಅವರನ್ನು ಕರೆದೊಯ್ದದ್ದೇ ಅಷ್ಟು.

ಸೋಲುವುದು ಕೈಯಲ್ಲ, ಕಣ್ಣು. ಗೇರ್, ಬ್ರೇಕ್, ಪಾರ್ಕಿಂಗ್ ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತವೆ. 1972ರಲ್ಲಿ ಓಹಾಯೋದ ಸಂಶೋಧಕರಾದ ಮೌರಂಟ್ ಮತ್ತು ರಾಕ್‌ವೆಲ್ ಚಾಲಕರ ನೋಟ ಎಲ್ಲಿ ನೆಡುತ್ತದೆಂದು ಅಳೆದರು. ಹೊಸಬರು ಕಾರಿನ ಮೂತಿಗೆ ಹತ್ತಿರದ ರಸ್ತೆಯನ್ನೇ ನೋಡುತ್ತಿದ್ದರು, ಕನ್ನಡಿಗಳತ್ತ ಕಣ್ಣು ಹಾಯಿಸುವುದು ಕಡಿಮೆ. ನುರಿತವರ ನೋಟ ದೂರಕ್ಕೂ ಅಕ್ಕಪಕ್ಕಕ್ಕೂ ಹರಡಿರುತ್ತಿತ್ತು. ನಿಂತ ಬಸ್ಸಿನ ಹಿಂದಿನಿಂದ ಮಗುವೊಂದು ಓಡಿ ಬರಬಹುದು ಎಂದು ಬ್ರೇಕಿನ ಮೇಲೆ ಕಾಲಿಡುವ ಬುದ್ಧಿ ಪುಸ್ತಕ ಓದಿ ಬರುವುದಿಲ್ಲ, ರಸ್ತೆಯಲ್ಲಿ ಗಂಟೆಗಟ್ಟಲೆ ಕಳೆದರೆ ಬರುತ್ತದೆ. ಸ್ವೀಡನ್ 1993ರಲ್ಲಿ ಹಿರಿಯರ ಜೊತೆ ಅಭ್ಯಾಸಕ್ಕೆ ಹದಿನಾರನೇ ವಯಸ್ಸಿಗೇ ಅವಕಾಶ ಕೊಟ್ಟಿತು, ಲೈಸೆನ್ಸ್ ವಯಸ್ಸು ಹದಿನೆಂಟೇ ಉಳಿಯಿತು. ಆ ಅವಕಾಶ ಬಳಸಿಕೊಂಡವರು ಸರಾಸರಿ ಸುಮಾರು 120 ಗಂಟೆ ಅಭ್ಯಾಸ ಮಾಡಿದರು. ಲೈಸೆನ್ಸ್ ಸಿಕ್ಕ ಮೇಲೆ ಅವರ ಅಪಘಾತದ ಪ್ರಮಾಣ ಎದ್ದುಕಾಣುವಷ್ಟು ಕಡಿಮೆ ಇತ್ತು.

ಅಮೆರಿಕ ಹಿಡಿದದ್ದು ಹಂತ ಹಂತದ ಲೈಸೆನ್ಸ್ ದಾರಿ. ಸಂಶೋಧಕಿ ಪೆಟ್ರೀಷಿಯಾ ವಾಲರ್ 1970ರ ದಶಕದಲ್ಲೇ ಇದನ್ನು ಪ್ರತಿಪಾದಿಸಿದ್ದರು. ಪೂರ್ಣವಾಗಿ ಜಾರಿಗೆ ತಂದದ್ದು ನ್ಯೂಜಿಲೆಂಡ್, 1987ರಲ್ಲಿ. ಅಮೆರಿಕದಲ್ಲಿ ಫ್ಲಾರಿಡಾ 1996ರಲ್ಲಿ ಶುರುಮಾಡಿತು, ಉಳಿದ ರಾಜ್ಯಗಳು ಬೇಗನೇ ಹಿಂಬಾಲಿಸಿದವು. ಮೊದಲು ಹಿರಿಯರ ಜೊತೆ, ಆಮೇಲೆ ಒಬ್ಬರೇ, ಆದರೆ ತಡರಾತ್ರಿ ಬೇಡ, ಗೆಳೆಯರ ಗುಂಪು ಬೇಡ. ಹದಿನಾರರ ಮಕ್ಕಳ ಸಾವು ಗಣನೀಯವಾಗಿ ಇಳಿಯಿತು.

ಹೆಚ್ಚಿನ ರಾಜ್ಯಗಳಲ್ಲಿ ಈ ಕಟ್ಟುಪಾಡೆಲ್ಲ ಹದಿನೆಂಟಕ್ಕೆ ಕೊನೆಯಾಗುತ್ತಿತ್ತು. 2011ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದರ ಬೆಲೆ ತೋರಿಸಿತು. ಬಿಗಿ ನಿಯಮವಿದ್ದಲ್ಲಿ ಹದಿನಾರರವರ ಮಾರಕ ಅಪಘಾತ 26 ಶೇಕಡಾ ಕಡಿಮೆ, ಹದಿನೆಂಟರವರದು 12 ಶೇಕಡಾ ಹೆಚ್ಚು. ನಿಯಮ ತಪ್ಪಿಸಲು ಕಾದು, ಅನುಭವವಿಲ್ಲದೆ ರಸ್ತೆಗಿಳಿದವರೂ ಇದಕ್ಕೆ ಒಂದು ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಕಾಯುವವರೆಲ್ಲ ಉಡಾಫೆಯವರಲ್ಲ. ಶಾಲೆಯಲ್ಲಿ ಬಿಟ್ಟಿ ಸಿಗುತ್ತಿದ್ದ ಪಾಠಕ್ಕೆ ಈಗ ನೂರಾರು ಡಾಲರ್ ತೆರಬೇಕು. ಅಷ್ಟು ಇಲ್ಲದ ಮನೆಯ ಮಗು ಕಾಯದೆ ಇನ್ನೇನು ಮಾಡೀತು?

ವಯಸ್ಕರ ಪಾಠದ ಪ್ರಶ್ನೆ ಎದ್ದದ್ದು ಇಲ್ಲಿಂದಲೇ. ಟೆಕ್ಸಸ್‌ನ ಆರು ಗಂಟೆಯ ಪಾಠ 2010ರಿಂದ 18ರಿಂದ 24ರವರಿಗೆ ಕಡ್ಡಾಯವಾಯಿತು. ಓಹಾಯೋ 2025ರಲ್ಲಿ ಪೂರ್ಣ ತರಬೇತಿಯನ್ನು 21ರೊಳಗಿನ ಎಲ್ಲ ಹೊಸಬರಿಗೂ ವಿಸ್ತರಿಸಿತು: 24 ಗಂಟೆ ತರಗತಿ, 8 ಗಂಟೆ ಚಾಲನೆ. ಮೇರಿಲ್ಯಾಂಡ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಐವತ್ತರವರಾದರೂ ಮೊದಲ ಬಾರಿ ಕಲಿಯುವವರಿಗೆ 30 ಗಂಟೆ ತರಗತಿ, 6 ಗಂಟೆ ಚಾಲನೆ ತಪ್ಪದು. ವಯಸ್ಸು ನೋಡಿ ಬದಲಾಗುವುದು ಮನೆ ಅಭ್ಯಾಸ ಮಾತ್ರ: 25ರ ಕೆಳಗಿನವರಿಗೆ 60 ಗಂಟೆ, ಮೇಲಿನವರಿಗೆ 14. ನನಗೆ ಸರಿ ಎನಿಸುವುದು ಈ ಪದ್ಧತಿಯೇ, ಆ 14 ಮಾತ್ರ ತೀರಾ ಕಡಿಮೆ. ಕಡ್ಡಾಯ ಮಾಡುವ ಸರ್ಕಾರ ಅದರ ಖರ್ಚಿನಲ್ಲೂ ಪಾಲು ಹೊರಬೇಕು. ಇಲ್ಲದಿದ್ದರೆ ಹದಿನೆಂಟಕ್ಕೆ ಕಾಯುತ್ತಿದ್ದವರು ಇಪ್ಪತ್ತೊಂದಕ್ಕೆ ಕಾಯುತ್ತಾರೆ, ಕೆಲವರು ಲೈಸೆನ್ಸ್ ಇಲ್ಲದೆಯೇ ಕೆಲಸಕ್ಕೆ ಓಡಿಸಿಕೊಂಡು ಹೋಗುತ್ತಾರೆ.