ರೆಫರ್ ಚೀಟಿಗೆ ಮೊದಲು ನೀರು: ಕಣ್ಣು, ಕಿವಿ, ಮೂಗು, ಗಂಟಲಿನ ತುರ್ತು ಚಿಕಿತ್ಸೆ ಬೆಳೆದುಬಂದ ಬಗೆ

ಪ್ರತಿ ದೀಪಾವಳಿಯ ಮಾರನೆಯ ದಿನ ಬೆಂಗಳೂರಿನ ಮಿಂಟೋ ಆಸ್ಪತ್ರೆಯ ಮುಂದೆ ಕ್ಯಾಮೆರಾಗಳು ನಿಲ್ಲುತ್ತವೆ. ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರ ಲೆಕ್ಕ ಎರಡು ಮೂರು ದಿನ ಸುದ್ದಿಯಲ್ಲಿದ್ದು ಮರೆಯಾಗುತ್ತದೆ. ಆದರೆ ಸುಣ್ಣ ಸಿಡಿದ ಕಣ್ಣು, ಭತ್ತದ ಹೊಟ್ಟು ತಾಗಿದ ಕಣ್ಣು, ಮೂಗಿನೊಳಗೆ ಸೇರಿದ ಬಟನ್ ಬ್ಯಾಟರಿ, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಕೇಳಿಸದಾದ ಕಿವಿ, ಎಷ್ಟು ಹೊತ್ತಾದರೂ ನಿಲ್ಲದ ಮೂಗಿನ ರಕ್ತ, ಇವೆಲ್ಲ ಹಬ್ಬ ನೋಡಿಕೊಂಡು ಬರುವುದಿಲ್ಲ. ವರ್ಷವಿಡೀ ಬರುತ್ತವೆ, ಹತ್ತಿರದಲ್ಲಿರುವ ಯಾವುದೋ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಬರುತ್ತವೆ. ಅಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಒಂದೇ: ‘ಕಣ್ಣಿನ ಡಾಕ್ಟರು ಈಗಿಲ್ಲ, ಜಿಲ್ಲಾಸ್ಪತ್ರೆಗೆ ಬರೆದುಕೊಡ್ತೀವಿ.’ ಕಿವಿ, ಮೂಗು, ಗಂಟಲಿಗೂ ಅದೇ ಉತ್ತರ.

ಹಾಗೆ ಬರೆದುಕೊಡುವ ಡ್ಯೂಟಿ ಡಾಕ್ಟರಿಗೆ ತಪ್ಪು ಮಾಡುತ್ತಿದ್ದೇನೆ ಎಂದು ಅನಿಸುವುದಿಲ್ಲ. ಕಲಿತದ್ದೇ ಹಾಗೆ. ಹೃದಯಾಘಾತ ಬಂದರೆ ಏನು ಮಾಡಬೇಕು, ತಲೆಗೆ ಏಟು ಬಿದ್ದರೆ ಏನು, ವಿಷ ಕುಡಿದರೆ ಏನು ಎಂಬುದಕ್ಕೆ ಸಿದ್ಧ ಕ್ರಮವಿದೆ. ಕಣ್ಣು ಕಿವಿಗಳ ವಿಚಾರದಲ್ಲಿ ಮಾತ್ರ ‘ಇದು ತಜ್ಞರ ಕೆಲಸ’ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಆ ಭಾವನೆ ಎಲ್ಲಿಂದ ಬಂತು ಎಂದು ಹುಡುಕಿದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ 1805ರಲ್ಲಿ ಶುರುವಾದಾಗ ಕಣ್ಣು ಮತ್ತು ಕಿವಿ ಎರಡನ್ನೂ ನೋಡುವ ದವಾಖಾನೆಯಾಗಿತ್ತು. ಮದ್ರಾಸಿನ ಕಣ್ಣಾಸ್ಪತ್ರೆ 1819ರಲ್ಲಿ ಬಂತು. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಲ್ಲಿ 1896ರಲ್ಲಿ ಆರಂಭವಾದ ಕಣ್ಣಿನ ದವಾಖಾನೆಗೆ 1913ರಲ್ಲಿ ಈಗಿನ ಕಟ್ಟಡ ಸಿಕ್ಕಿ, ವೈಸ್‌ರಾಯ್ ಮಿಂಟೋ ಅವರ ಹೆಸರು ಅಂಟಿಕೊಂಡಿತು. ಕಣ್ಣು, ಕಿವಿ, ಮೂಗು, ಗಂಟಲನ್ನು ಒಬ್ಬನೇ ವೈದ್ಯ ನೋಡುವ ಪದ್ಧತಿ ಇಪ್ಪತ್ತನೇ ಶತಮಾನದಲ್ಲಿ ಸವೆಯುತ್ತ ಬಂತು. ಅಮೆರಿಕದಲ್ಲಿ ಎರಡೂ ಶಾಖೆಗಳಿಗೆ ಒಂದೇ ಆಗಿದ್ದ ಅಕಾಡೆಮಿ ಕೂಡ 1979ರಲ್ಲಿ ಒಡೆದು ಎರಡಾಯಿತು. ಶಾಖೆ ಒಡೆದಷ್ಟೂ ವಿದ್ಯೆ ಆಳವಾಯಿತು, ಅದರಿಂದ ಲಾಭವೂ ಆಯಿತು. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವವರನ್ನು ನೋಡಿಕೊಳ್ಳುವ ಹೊಣೆ ಯಾವ ಶಾಖೆಯ ಪಾಲಿಗೂ ಸ್ಪಷ್ಟವಾಗಿ ಬರಲಿಲ್ಲ.

ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತು. ಸ್ವಾತಂತ್ರ್ಯದ ನಂತರ ಕಣ್ಣಿನ ಆರೈಕೆ ಎಂದರೆ ಪೊರೆ ತೆಗೆಯುವುದು ಎಂದಾಯಿತು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಲಕ್ಷಾಂತರ ಜನರ ಕಣ್ಣು ತೆರೆಸಿದ್ದನ್ನು ಕರ್ನಾಟಕ ಮರೆಯುವಂತಿಲ್ಲ. 1976ರಲ್ಲಿ ಬಂದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮುಖ್ಯ ಅಳತೆಗೋಲೂ ಪೊರೆಯ ಶಸ್ತ್ರಚಿಕಿತ್ಸೆಯೇ. ಕಿವಿಗೆ ಅಂಥದೊಂದು ರಾಷ್ಟ್ರೀಯ ಕಾರ್ಯಕ್ರಮ ಬರಲು 2006-07ರವರೆಗೆ ಕಾಯಬೇಕಾಯಿತು. ಎರಡೂ ಒಳ್ಳೆಯ ಕೆಲಸ. ಆದರೆ ಎರಡೂ ಕಾಯಬಲ್ಲ ರೋಗಿಗಳಿಗೆ ಹೊಂದುವ ಕೆಲಸ. ಪೊರೆ ಬಂದ ಅಜ್ಜಿ ಮುಂದಿನ ತಿಂಗಳ ಶಿಬಿರದವರೆಗೆ ಕಾಯಬಹುದು. ಸುಣ್ಣ ಬಿದ್ದ ಮಗುವಿಗೆ ಅಷ್ಟು ಕಾಲವಿಲ್ಲ.

ಸುಣ್ಣದ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಇಡೀ ಸಮಸ್ಯೆ ಅದರಲ್ಲಿ ಕಾಣುತ್ತದೆ. ಎಲೆ ಅಡಿಕೆಗೋ ಹೊಗೆಸೊಪ್ಪಿಗೋ ಬಳಸುವ ಸುಣ್ಣ ಹಿಂದೆ ಡಬ್ಬಿಯಲ್ಲಿರುತ್ತಿತ್ತು, ಬೆರಳಲ್ಲಿ ತೆಗೆಯುತ್ತಿದ್ದರು. ಈಗ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಟ್ಯೂಬಿನಲ್ಲಿ ಬರುತ್ತದೆ. ಮನೆಯಲ್ಲಿ ಕೈಗೆ ಸಿಗುವಂತಿರುತ್ತದೆ. ಮಕ್ಕಳು ಹಿಡಿದು ಹಿಸುಕುತ್ತಾರೆ, ಪೊಟ್ಟಣ ಒಡೆದು ನೇರ ಮುಖಕ್ಕೆ ಚಿಮ್ಮುತ್ತದೆ. ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಳತೆ ಪಿಎಚ್; 7 ಎಂದರೆ ಎರಡೂ ಅಲ್ಲ, ಮೇಲೇರಿದಷ್ಟೂ ಕ್ಷಾರ. ತಿಳಿ ಸುಣ್ಣದ ಪಿಎಚ್ ಸುಮಾರು 12.4; ಕಣ್ಣೀರಿನದು 7.4ರ ಆಸುಪಾಸು. ಆಮ್ಲ ಬಿದ್ದರೆ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಒಳಕ್ಕೆ ಇಳಿಯುವುದನ್ನು ಅಷ್ಟೋ ಇಷ್ಟೋ ತಡೆಯುತ್ತದೆ. ಕ್ಷಾರ ಹಾಗಲ್ಲ, ಜೀವಕೋಶದ ಕೊಬ್ಬನ್ನೇ ಕರಗಿಸುತ್ತ ಆಳಕ್ಕೆ ಹೋಗುತ್ತದೆ. ಸುಣ್ಣ ಅಮೋನಿಯಾದಷ್ಟು ವೇಗವಾಗಿ ಇಳಿಯುವುದಿಲ್ಲ ನಿಜ. ಆದರೆ ಅದರ ಗಟ್ಟಿ ಕಣಗಳು ಮೇಲಿನ ರೆಪ್ಪೆಯ ಒಳಮಡಿಕೆಯಲ್ಲಿ ಅಂಟಿ ಕೂತು ಗಂಟೆಗಟ್ಟಲೆ ಸುಡುತ್ತಲೇ ಇರುತ್ತವೆ. ಮುಖ ತೊಳೆಸಿ ‘ಎಲ್ಲ ಹೋಯಿತು’ ಎಂದುಕೊಂಡ ಮನೆಯವರಿಗೆ ಇದು ಕಾಣುವುದಿಲ್ಲ.

ಕಣ್ಣಿನ ಕಪ್ಪು ಭಾಗವೂ ಬಿಳಿ ಭಾಗವೂ ಕೂಡುವ ಅಂಚಿನಲ್ಲಿ, ಕಣ್ಣಿನ ಮುಂದಿನ ಪಾರದರ್ಶಕ ಪರದೆಯಾದ ಕಾರ್ನಿಯಾವನ್ನು ಸದಾ ಹೊಸದಾಗಿಸುವ ಆಕರಕೋಶಗಳಿವೆ (ಸ್ಟೆಮ್ ಸೆಲ್). ಅವು ಸತ್ತರೆ ಪಾರದರ್ಶಕ ಕಾರ್ನಿಯಾದ ಮೇಲೆ ರಕ್ತನಾಳಗಳಿರುವ ಬಿಳಿ ಪದರ ಹಬ್ಬಿ ದೃಷ್ಟಿ ಮುಚ್ಚಿಹೋಗುತ್ತದೆ. ಈ ಗಾಯದ ತೀವ್ರತೆಯನ್ನು ಅಳೆಯುವ ರೋಪರ್-ಹಾಲ್ ವರ್ಗೀಕರಣ 1965ರಲ್ಲಿ ಬಂತು. 1989ರಲ್ಲಿ ಕೆನ್ಯನ್ ಮತ್ತು ತ್ಸೆಂಗ್ ಒಳ್ಳೆಯ ಕಣ್ಣಿನ ಅಂಚಿನ ತುಣುಕನ್ನು ಕೆಟ್ಟ ಕಣ್ಣಿಗೆ ಕಸಿ ಮಾಡಿ ತೋರಿಸಿದರು. 1997ರಲ್ಲಿ ಇಟಲಿಯ ಪೆಲೆಗ್ರಿನಿ ತಂಡ ಆ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹಚ್ಚಿತು. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯ ಡಾ. ವೀರೇಂದರ್ ಸಂಗ್ವಾನ್ ಮತ್ತವರ ತಂಡ ಪ್ರಯೋಗಾಲಯದ ಹಂಗೇ ಇಲ್ಲದ ಅಗ್ಗದ ವಿಧಾನವನ್ನು ಪ್ರಕಟಿಸಿತು. ‘ಸ್ಲೆಟ್’ ಎಂಬ ಹೆಸರಲ್ಲಿ ಅದು ಈಗ ಬೇರೆ ದೇಶಗಳಲ್ಲೂ ಬಳಕೆಯಲ್ಲಿದೆ. ಹೆಮ್ಮೆಪಡಬೇಕಾದ ಚರಿತ್ರೆ. ಆದರೂ ಇಷ್ಟೆಲ್ಲ ಸಾಧನೆಯ ಅರ್ಧದಷ್ಟನ್ನು ಮೊದಲ ಹತ್ತು ನಿಮಿಷದ ನಲ್ಲಿ ನೀರು ಅನಗತ್ಯಗೊಳಿಸಬಲ್ಲದು ಎಂಬುದು ನನ್ನ ನಂಬಿಕೆ.

ನೀರಿನ ಮಹತ್ವ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಅಮೆರಿಕದಲ್ಲಿ 1981ರಲ್ಲೇ ಕಾರ್ಖಾನೆಗಳ ಕಣ್ಣು ತೊಳೆಯುವ ಸಾಧನಗಳಿಗೆ ಮಾನದಂಡ ಬಂತು: ಹದಿನೈದು ನಿಮಿಷ ಎಡೆಬಿಡದೆ ನೀರು ಹರಿಯುವಂತಿರಬೇಕು. ಕ್ಯಾಶುವಾಲಿಟಿಯಲ್ಲಿ ಮಾಡಬೇಕಾದದ್ದೂ ಕಷ್ಟದ್ದಲ್ಲ. ಮರಗಟ್ಟಿಸುವ ಹನಿ ಹಾಕಬೇಕು, ಇಲ್ಲದಿದ್ದರೆ ನೋವಿಗೆ ರೆಪ್ಪೆ ತೆರೆಯುವುದೇ ಇಲ್ಲ. ಸಲೈನ್ ಬಾಟಲಿಗೆ ಡ್ರಿಪ್ ಸೆಟ್ ಸಿಕ್ಕಿಸಿ, ಸೂಜಿ ತೆಗೆದು, ಆ ಕೊಳವೆಯಿಂದ ಕಣ್ಣಿನೊಳಗೆ ಧಾರೆ ಬಿಡಬೇಕು. ಒಂದು ಎರಡು ಲೀಟರಾದರೂ, ಬೇಕಾದರೆ ಇನ್ನೂ ಹೆಚ್ಚು. ಮೇಲಿನ ರೆಪ್ಪೆಯನ್ನು ಮಗುಚಿ, ಒದ್ದೆ ಹತ್ತಿಕಡ್ಡಿಯಿಂದ ಸುಣ್ಣದ ಹರಳುಗಳನ್ನು ಒರೆಸಬೇಕು. ಪಿಎಚ್ ಕಾಗದವನ್ನು ಕೆಳರೆಪ್ಪೆಯ ಒಳಗೆ ತಾಗಿಸಿ ನೋಡಬೇಕು. 7ರಿಂದ 7.4ರ ನಡುವೆ ಬಂದರೆ ನಿಲ್ಲಿಸಿ, ಐದು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏಕೆಂದರೆ ಉಳಿದ ಕಣವಿದ್ದರೆ ಪಿಎಚ್ ಪುನಃ ಏರುತ್ತದೆ. ದೃಷ್ಟಿ ಪರೀಕ್ಷೆ, ಹೆಸರು ವಿಳಾಸ, ಪೊಲೀಸ್ ಪ್ರಕರಣದ ದಾಖಲೆ ಎಲ್ಲವೂ ತೊಳೆದಾದ ಮೇಲೆ. ಸಲೈನ್ ಇಲ್ಲವೆಂದು ಕಾಯಬಾರದು, ಕುಡಿಯುವ ನೀರು ಸಾಕು. ತುಪ್ಪ, ಎದೆಹಾಲು, ಪನ್ನೀರು ಬೇಡ. ಇಷ್ಟಕ್ಕೆ ಕಣ್ಣಿನ ತಜ್ಞರ ಅಗತ್ಯವಿಲ್ಲ. ತರಬೇತಿ ಪಡೆದ ನರ್ಸ್ ಸಾಕು.

ಪಟಾಕಿಯ ಕಣ್ಣಿಗೆ ಮಾತ್ರ ಇನ್ನೊಂದು ಎಚ್ಚರ ಬೇಕು. ಗುಡ್ಡೆಯೇ ಸೀಳಿರಬಹುದೆಂಬ ಅನುಮಾನವಿದ್ದರೆ ಒತ್ತಬಾರದು, ಬಿಗಿಯಾಗಿ ಹತ್ತಿ ಕಟ್ಟಬಾರದು, ಹನಿ, ಮುಲಾಮು ಹಾಕಬಾರದು. ಗಟ್ಟಿ ಕವಚ, ಅದಿಲ್ಲದಿದ್ದರೆ ಕಾಗದದ ಲೋಟವನ್ನಾದರೂ ಕಣ್ಣಿನ ಸುತ್ತಲಿನ ಎಲುಬಿನ ಮೇಲೆ ಕೂರುವಂತೆ ಅಂಟಿಸಿ ಕಳಿಸಬೇಕು. ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಹಸಿರು ಪಟಾಕಿ ಮತ್ತು ರಾತ್ರಿ 8ರಿಂದ 10ರ ಮಿತಿ ಹಾಕಿತು. ಅದು ಮುಖ್ಯವಾಗಿ ಹೊಗೆಯ ವಿಚಾರ, ಕಣ್ಣಿನದಲ್ಲ. 2025ರ ದೀಪಾವಳಿಯಲ್ಲಿ ಭೋಪಾಲ್ ಮತ್ತು ಮಧ್ಯಪ್ರದೇಶದ ಬೇರೆಡೆ ‘ಕಾರ್ಬೈಡ್ ಗನ್’ ಎಂಬ ಪೈಪಿನ ಆಟಿಕೆಯಿಂದ ಅನೇಕ ಮಕ್ಕಳ ಕಣ್ಣು ಹೋದಾಗ ಎರಡು ಅಪಾಯಗಳು ಒಂದಾದವು: ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಸೇರಿದರೆ ಉರಿಯುವ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಜೊತೆಗೆ ಉಳಿಯುವುದು ಸುಣ್ಣವೇ. ಅದು ಸುಟ್ಟಗಾಯವೂ ಹೌದು, ಕ್ಷಾರದ ಗಾಯವೂ ಹೌದು.

ಗಂಟಲಿನ ಚರಿತ್ರೆ ಬೇರೆ ದಾರಿಯಲ್ಲಿ ಬಂದು ಇದೇ ಕ್ಷಾರಕ್ಕೆ ಬಂದು ನಿಲ್ಲುತ್ತದೆ. ಜರ್ಮನಿಯ ಗುಸ್ಟಾವ್ ಕಿಲಿಯನ್ 1897ರಲ್ಲಿ ಒಬ್ಬ ರೈತನ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಮೂಳೆಯ ಚೂರು ತೆಗೆದದ್ದರಿಂದ ಬ್ರಾಂಕೋಸ್ಕೋಪಿ ಹುಟ್ಟಿತು. ಅಮೆರಿಕದ ಷೆವಲಿಯರ್ ಜಾಕ್ಸನ್ ಅದನ್ನು ಬೆಳೆಸಿದರು. ಜನರ ಗಂಟಲು, ಶ್ವಾಸನಾಳಗಳಿಂದ ತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳ ಅವರ ಸಂಗ್ರಹ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ. ಮನೆಯಲ್ಲಿಟ್ಟ ಕ್ಷಾರ ಕುಡಿದು ಅನ್ನನಾಳ ಸುಟ್ಟುಕೊಂಡ ಮಕ್ಕಳನ್ನು ನೋಡಿ ನೋಡಿ, ಅಂಥ ಡಬ್ಬಿಗಳ ಮೇಲೆ ‘ವಿಷ’ ಎಂದು ಬರೆಯಲೇಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. 1927ರಲ್ಲಿ ಕಾನೂನು ಬಂತು. ಆಪರೇಷನ್ ಥಿಯೇಟರಿನಲ್ಲಿ ಕೂತು ಅಂಗಡಿಯ ಕಪಾಟಿನವರೆಗೆ ಯೋಚಿಸಿದ ವೈದ್ಯ ಅವರು.

ಈಗಿನ ಬಟನ್ ಬ್ಯಾಟರಿಯೂ ಸುಡುವುದು ಆ ಡಬ್ಬಿಯ ಕ್ಷಾರದಂತೆಯೇ. ಆಟಿಕೆ, ರಿಮೋಟು, ತೂಕದ ಯಂತ್ರಗಳಲ್ಲಿರುವ ಮೂರು ವೋಲ್ಟಿನ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ ಹರಿದು ಅದರ ಋಣ ತುದಿಯಲ್ಲಿ ಹೈಡ್ರಾಕ್ಸೈಡ್ ಎಂಬ ಕ್ಷಾರ ತಯಾರಾಗುತ್ತದೆ. ಎರಡು ಗಂಟೆಯೊಳಗೇ ಗಂಭೀರ ಸುಟ್ಟಗಾಯ ಆಗಬಹುದು. ಎಕ್ಸ್‌ರೇಯಲ್ಲಿ ನಾಣ್ಯದಂತೆ ಕಾಣುತ್ತದೆ, ಆದರೆ ಅಂಚಿನಲ್ಲಿ ಎರಡು ಬಳೆಯಂಥ ಗೆರೆ ಇರುತ್ತದೆ. ನಾಣ್ಯವೆಂದು ಬಗೆದು ‘ನಾಳೆ ಮಲದಲ್ಲಿ ಹೋಗುತ್ತೆ’ ಎಂದು ಕಳಿಸಿದರೆ ಅನ್ನನಾಳ ತೂತಾಗುತ್ತದೆ. ನುಂಗಿ ಹನ್ನೆರಡು ಗಂಟೆಯೊಳಗಿದ್ದು ಮಗುವಿಗೆ ವರ್ಷ ತುಂಬಿದ್ದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಬಹುದೆಂಬ ಸಲಹೆ 2018ರ ಅಧ್ಯಯನದ ನಂತರ ಅಮೆರಿಕದ ಮಾರ್ಗಸೂಚಿಗೆ ಸೇರಿತು, ಜೇನಿಗಾಗಿ ಹೊರಡುವುದನ್ನು ತಡಮಾಡಬಾರದೆಂಬ ಷರತ್ತಿನ ಮೇಲೆ. ಬ್ಯಾಟರಿ ಮೂಗಿನಲ್ಲೋ ಕಿವಿಯಲ್ಲೋ ಇದ್ದರೆ ಯಾವ ಹನಿಯನ್ನೂ ಹಾಕಬಾರದು. ಒದ್ದೆಯಾದಷ್ಟೂ ಅದು ಹೆಚ್ಚು ಸುಡುತ್ತದೆ.

ಮೂಗಿನ ರಕ್ತಕ್ಕೆ ಇಷ್ಟು ದೊಡ್ಡ ಕಥೆಯಿಲ್ಲ. ತಲೆ ಹಿಂದಕ್ಕೆ ಬಾಗಿಸುವುದು, ಈರುಳ್ಳಿ ಮೂಸಿಸುವುದು ಬಿಟ್ಟು, ಮುಂದಕ್ಕೆ ಬಾಗಿ ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಹಿಡಿದರೆ ಬಹುಪಾಲು ನಿಲ್ಲುತ್ತದೆ.

ಕಿವಿಯದು ಹೆಚ್ಚು ನೋವಿನ ಕಥೆ, ಯಾಕೆಂದರೆ ನೋವೇ ಇರುವುದಿಲ್ಲ. ಥಟ್ಟನೆ ಒಂದು ಕಿವಿ ಕೇಳಿಸದಾದರೆ ‘ಗುಗ್ಗೆ ಕಟ್ಟಿರಬೇಕು’ ಎಂದು ಹನಿ ಕೊಟ್ಟು ಕಳಿಸುತ್ತಾರೆ. ನರದ ದೋಷವಾಗಿದ್ದರೆ ಸ್ಟೀರಾಯ್ಡ್ ಶುರು ಮಾಡಲು ಮೊದಲ ಎರಡು ವಾರವೇ ಮುಖ್ಯ, ಹನಿ ಹಾಕುತ್ತ ಕೂತರೆ ಅದು ಕಳೆದುಹೋಗುತ್ತದೆ. ಗುಗ್ಗೆಯೋ ನರವೋ ಎಂದು ಮೊದಲ ಅಂದಾಜಿಗೆ ಬೇಕಾದದ್ದು 512 ಹರ್ಟ್ಸಿನ ಒಂದು ಟ್ಯೂನಿಂಗ್ ಫೋರ್ಕ್, ಅಂದರೆ ತಟ್ಟಿದರೆ ನಾದ ಹೊಮ್ಮುವ ಕವಲು ಕಡ್ಡಿ. ತಟ್ಟಿ ಹಣೆಯ ಮಧ್ಯೆ ಇಟ್ಟಾಗ ಅದರ ಶಬ್ದ, ಕೇಳಿಸದ ಕಿವಿಯ ಕಡೆಗೇ ವಾಲಿದರೆ ಗುಗ್ಗೆಯಂಥ ಅಡ್ಡಿ, ಒಳ್ಳೆಯ ಕಿವಿಯ ಕಡೆಗೆ ವಾಲಿದರೆ ನರದ ತೊಂದರೆ.

ಗದ್ದೆ ಕೆಲಸದಲ್ಲಿ ಪೆಟ್ಟಾದ ಕಣ್ಣಿನ ಬಗ್ಗೆ ನೇಪಾಳದಿಂದ ಕಲಿಯಬೇಕು. ಭಕ್ತಪುರದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಗೀರುಬಿದ್ದ ಕಾರ್ನಿಯಾ ಗುರುತಿಸಿ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಹಚ್ಚಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಪೆಟ್ಟಾದ 18 ಗಂಟೆಯೊಳಗೆ ಔಷಧ ಸಿಕ್ಕ ಒಬ್ಬರಿಗೂ ಹುಣ್ಣಾಗಲಿಲ್ಲ. ನಮ್ಮಲ್ಲಿ ಕಬ್ಬಿನ ಗರಿ ತಾಗಿದವರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವುದು ಎಷ್ಟೋ ಸಲ ಸ್ಟೀರಾಯ್ಡ್ ಹನಿ. ಕೆಂಪು ಬೇಗ ಇಳಿಯುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತದೆ.

2008ರ ನವೆಂಬರಿನಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. 2009ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ವೈದ್ಯಕೀಯವನ್ನು ಪ್ರತ್ಯೇಕ ವಿಭಾಗವೆಂದು ಒಪ್ಪಿತು. ಆ ಪದವಿ ಪಡೆದವರು ಹೆಚ್ಚಾಗಿ ವೈದ್ಯಕೀಯ ಕಾಲೇಜು ಮತ್ತು ನಗರದ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗ ಇರಲೇಬೇಕೆಂದು 2020ರಲ್ಲಿ ಬಂದ ನಿಯಮ 2023ರಲ್ಲಿ ಸಡಿಲವಾಯಿತು. ಎಂಬಿಬಿಎಸ್ ಮುಗಿಸಿದವರು ಇಂಟರ್ನ್‌ಶಿಪ್ಪಿನಲ್ಲಿ ಕಣ್ಣಿಗೆ ಎರಡು ವಾರ, ಕಿವಿ-ಮೂಗು-ಗಂಟಲಿಗೆ ಎರಡು ವಾರ, ಕ್ಯಾಶುವಾಲಿಟಿಗೆ ಎರಡು ವಾರ ಕಳೆಯುತ್ತಾರೆ. ಕಣ್ಣಿನ ಎರಡು ವಾರ ಬಹುತೇಕ ಹಗಲಿನ ಹೊರರೋಗಿ ವಿಭಾಗದಲ್ಲೇ ಮುಗಿದರೆ ಸುಣ್ಣದ ಕಣ್ಣನ್ನು ಕೈಯಾರೆ ತೊಳೆಯುವ ಅವಕಾಶ ಹೇಗೆ ಸಿಗಬೇಕು?

ಹಂಚಿಹೋಗಿದ್ದ ಶಾಖೆಗಳು ಒಮ್ಮೆ ಮಾತ್ರ ಎಲ್ಲರ ಕಣ್ಣೆದುರು ಒಂದಾದವು. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂದಾಗ ಕೆನ್ನೆ ಜೋಮು ಹಿಡಿಯುವುದು, ಮೂಗಿನಿಂದ ಕಪ್ಪು ಸ್ರಾವ, ಊದಿದ ರೆಪ್ಪೆ, ಒಂದು ವಸ್ತು ಎರಡಾಗಿ ಕಾಣುವುದು, ಇವನ್ನು ಬಿಡಿಬಿಡಿಯಾಗಿ ನೋಡಿದರೆ ಸೈನಸ್ ಎನಿಸುತ್ತಿತ್ತು. ಬೌರಿಂಗ್ ಆಸ್ಪತ್ರೆಯಂಥ ಕಡೆ ಇಎನ್‌ಟಿ (ಕಿವಿ-ಮೂಗು-ಗಂಟಲು), ಕಣ್ಣು, ಜನರಲ್ ಮೆಡಿಸಿನ್ ವಿಭಾಗದವರು ಒಂದೇ ರೋಗಿಯ ಸುತ್ತ ನಿಂತರು. ಎಲ್ಲಿಗೆ ಕಳಿಸುವುದೆಂಬ ಪ್ರಶ್ನೆಯನ್ನು ಬದಿಗಿಟ್ಟು, ಈಗಲೇ ಏನು ಮಾಡುವುದೆಂದು ಕೇಳಿದರು. ಅಲೆ ಇಳಿದ ಮೇಲೆ ವಾರ್ಡುಗಳು ಹಳೆಯ ಗೋಡೆಗಳಿಗೆ ಮರಳಿದವು.

ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಪಾಳಿಯ ಕಣ್ಣಿನ ತಜ್ಞರನ್ನು, ಇಎನ್‌ಟಿ ತಜ್ಞರನ್ನು ಹೊಂದಿಸುವುದು ಸದ್ಯಕ್ಕೆ ಸಾಧ್ಯವೆಂದು ಯಾರೂ ಹೇಳುತ್ತಿಲ್ಲ. ಚರ್ಚೆ ಮಾತ್ರ ಪ್ರತಿ ಹಬ್ಬದಲ್ಲೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಮರಗಟ್ಟಿಸುವ ಹನಿ, ಪಿಎಚ್ ಕಾಗದ, ಕಾರ್ನಿಯಾದ ಗೀರಿಗೆ ಬಣ್ಣ ಹಿಡಿಸಿ ತೋರಿಸುವ ಫ್ಲೂರೊಸಿನ್ ಪಟ್ಟಿ, ಕಣ್ಣಿನ ಗಟ್ಟಿ ಕವಚ, ಟ್ಯೂನಿಂಗ್ ಫೋರ್ಕ್, ಮೂಗಿಗೆ ತುರುಕುವ ಪ್ಯಾಕ್ ಇಷ್ಟನ್ನು ಕ್ಯಾಶುವಾಲಿಟಿಯ ಒಂದು ಡ್ರಾಯರಿನಲ್ಲಿ ಇಡಬಹುದು, ನರ್ಸುಗಳಿಗೆ ತೊಳೆಯುವುದನ್ನು ಕಲಿಸಬಹುದು. ಆಗಲೂ ರೆಫರ್ ಚೀಟಿ ಇದ್ದೇ ಇರುತ್ತದೆ. ಅದರಲ್ಲಿ ‘ಕಣ್ಣಿನ ತಜ್ಞರಿಗೆ’ ಎಂಬ ಒಂದು ಸಾಲಿನ ಜೊತೆ ಯಾವ ವಸ್ತು ಬಿತ್ತು, ಎಷ್ಟು ಗಂಟೆಗೆ, ಎಷ್ಟು ಲೀಟರಿನಿಂದ ತೊಳೆದೆವು, ಕೊನೆಯ ಪಿಎಚ್ ಎಷ್ಟು, ದೃಷ್ಟಿ ಎಷ್ಟಿತ್ತು ಎಂಬುದೂ ಇರಬೇಕು.