ಓದುಗರ ಪ್ರಶ್ನೆ: ಅಷ್ಟು ಚೆಂದದ ಚಿತ್ರವನ್ನು ಸುತ್ತಿ ಪೆಟ್ಟಿಗೆಗೆ ಯಾಕೆ ಹಾಕಬೇಕು?

ಪ್ರಶ್ನೆ: ಕ್ಯೋಟೋದ ಹಳೆಯ ಮರದ ಮನೆಯೊಂದರಲ್ಲಿ ಬಾಡಿಗೆಗಿದ್ದೇವೆ. ಹಜಾರದ ಗೂಡಿನಲ್ಲಿ ಓನರ್ ಅಜ್ಜಿ ಒಂದು ಸುರುಳಿ ಚಿತ್ರ ತೂಗುಹಾಕಿದ್ದಾರೆ. ಎರಡು ತಿಂಗಳಿಗೊಮ್ಮೆ ಬಂದು ಅದನ್ನು ಇಳಿಸಿ ಬೇರೆಯದು ಹಾಕ್ತಾರೆ. ಈಗ ಮಂಡಿನೋವು, ಇನ್ನು ಮುಂದೆ ನೀವೇ ಬದಲಾಯಿಸಿ ಅಂದಿದ್ದಾರೆ. ನಮಗೋ ಭಯ. ಗಾಜಿನ ಫ್ರೇಮ್ ಹಾಕಿಸಿ ಒಂದೇ ಕಡೆ ಬಿಟ್ಟರೆ ಆಗಲ್ವಾ?

ಉತ್ತರ: ಆಗಲ್ಲ ಅಂತಲ್ಲ. ಆದರೆ ಅಜ್ಜಿ ಒಪ್ಪಲಿಕ್ಕಿಲ್ಲ, ಚಿತ್ರಕ್ಕೂ ಅದು ಒಳ್ಳೆಯದಲ್ಲ.

ನಮ್ಮ ಮನೆಗಳಲ್ಲಿ ಮೈಸೂರು ಶೈಲಿಯ ಚಿತ್ರ ಒಮ್ಮೆ ಗೋಡೆ ಹತ್ತಿದರೆ ಮುಗೀತು, ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ. ಜಪಾನಿನ ಕಾಕೆಜಿಕು, ಅಂದರೆ ನಿಮ್ಮ ಗೂಡಿನಲ್ಲಿರುವಂಥ ತೂಗು ಸುರುಳಿ ಚಿತ್ರ, ಆ ಜಾತಿಯದಲ್ಲ. ಅದನ್ನು ನಮ್ಮ ದಸರಾ ಗೊಂಬೆಗಳ ಜೊತೆ ಹೋಲಿಸಿದರೆ ಸರಿಹೋಗುತ್ತೆ. ವರ್ಷದಲ್ಲಿ ಕೆಲವು ದಿನ ಹೊರಗೆ, ಉಳಿದ ದಿನವೆಲ್ಲ ಪೆಟ್ಟಿಗೆಯಲ್ಲಿ. ಸುತ್ತಿಡಲಿಕ್ಕೆಂದೇ ಅದನ್ನು ಕಟ್ಟಿರುತ್ತಾರೆ.

ಹಿಂಭಾಗ ನೋಡಿದರೆ ಇದು ಗೊತ್ತಾಗುತ್ತೆ. ತೆಳು ಕಾಗದ ಅಥವಾ ರೇಷ್ಮೆಯ ಮೇಲಿನ ಚಿತ್ರಕ್ಕೆ ಹಿಂದಿನಿಂದ ಹಲವು ಪದರ ಕೈಕಾಗದ ಅಂಟಿಸಿರುತ್ತಾರೆ. ಕೊನೆಯ ಪದರಕ್ಕೆ ಹೆಚ್ಚಾಗಿ ನಾರಾ ಪ್ರಾಂತ್ಯದ ಯೋಶಿನೋ ಕಡೆಯ ‘ಉದಾ’ ಎಂಬ ಕಾಗದ, ಬಿಳಿ ಜೇಡಿ ಬೆರೆಸಿ ಮಾಡಿದ್ದು. ಅಂಟು ಗೋಧಿ ಗಂಜಿಯದು. ಅದರಲ್ಲೂ ಕೆಲವು ಪದರಗಳಿಗೆ ಬಳಸುವ ಗಂಜಿಯನ್ನು ಜಾಡಿಯಲ್ಲಿ ತುಂಬಿ, ತಂಪಾದ ಕತ್ತಲೆ ಜಾಗದಲ್ಲಿ ಸುಮಾರು 10 ವರ್ಷ ಇಟ್ಟಿರುತ್ತಾರೆ. ಉಪ್ಪಿನಕಾಯಿಗಿಂತ ಜಾಸ್ತಿ ತಾಳ್ಮೆ! ಅಷ್ಟು ಹಳೆಯದಾದ ಗಂಜಿಗೆ ಅಂಟುವ ಶಕ್ತಿ ಕಡಿಮೆ. ಬೇಕಾಗಿರುವುದೂ ಅದೇ. ಗಟ್ಟಿ ಅಂಟಾದರೆ ಕಾಗದ ಹಪ್ಪಳದಂತೆ ಬಿರುಸಾಗಿ, ಸುತ್ತಿದಾಗ ಮುರಿದು ಗೆರೆ ಬೀಳುತ್ತೆ. ಜೊತೆಗೆ, ಮುಂದೊಂದು ದಿನ ಇನ್ನೊಬ್ಬ ಕುಶಲಕರ್ಮಿ ಹಿಂದಿನ ಕಾಗದ ಬಿಡಿಸಿ ಹೊಸದು ಹಾಕಬೇಕಲ್ಲ, ಆಗ ಚಿತ್ರಕ್ಕೆ ಪೆಟ್ಟಾಗದೆ ಬಿಡಿಸಿಕೊಳ್ಳಬೇಕು.

ಬಣ್ಣದ ಕಥೆಯೂ ಹೀಗೇ ನಾಜೂಕು. ನೀಲಿ, ಹಸಿರು ಕಲ್ಲಿನ ಪುಡಿಯಿಂದ. ಬಿಳಿ ಚಿಪ್ಪಿನ ಪುಡಿಯಿಂದ. ಅದನ್ನು ಹಿಡಿದಿಟ್ಟಿರುವುದು ನಿಕಾವಾ ಎಂಬ ಪ್ರಾಣಿಜನ್ಯ ಅಂಟು. ತೇವ ತಾಗಿದರೆ ಅದು ಸಡಿಲ, ಹಳತಾದರೆ ಪುಡಿ ಉದುರುತ್ತೆ. ಹಬ್ಬಕ್ಕೆ ಮುಂಚೆ ದೇವರ ಫೋಟೋನ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವಲ್ಲ, ಆ ಕೈಚಳಕ ಇಲ್ಲಿ ತೋರಿಸಬೇಡಿ. ಒಣ ಬಟ್ಟೆಯೂ ಬೇಡ.

ಇನ್ನು ಬೆಳಕು. ಗಾಜು ಹಾಕಿದರೂ ಬೆಳಕು ಒಳಗೆ ಹೋಗಿಯೇ ಹೋಗುತ್ತೆ. ಮಾಸಿದ ಬಣ್ಣ ಮತ್ತೆ ಬರಲ್ಲ. ಜಪಾನಿನಲ್ಲಿ ರಾಷ್ಟ್ರೀಯ ನಿಧಿ ಅನ್ನಿಸಿಕೊಂಡ ಇಂಥ ಚಿತ್ರಗಳನ್ನು ಸಾಮಾನ್ಯವಾಗಿ ವರ್ಷಕ್ಕೆ ಒಟ್ಟು 60 ದಿನಕ್ಕಿಂತ ಜಾಸ್ತಿ ಪ್ರದರ್ಶನಕ್ಕೆ ಇಡುವುದಿಲ್ಲ. ಕ್ಯೋಟೋದ ದಾಯ್ತೊಕುಜಿ ದೇವಾಲಯವಂತೂ ತನ್ನ ಹಳೆಯ ಸುರುಳಿಗಳನ್ನು ಅಕ್ಟೋಬರ್‌ನಲ್ಲಿ ಗಾಳಿಗೆ ಹಾಕುವ ಒಂದೇ ದಿನ ಜನರಿಗೆ ತೋರಿಸುತ್ತೆ. 13ನೇ ಶತಮಾನದ ಚೀನೀ ಸನ್ಯಾಸಿ ಮುಚಿ ಬರೆದ ಕೊಕ್ಕರೆ, ಕೋತಿಗಳನ್ನು ಆವತ್ತು ನೋಡಬಹುದು. ನೀವಿರುವ ಊರೇ, ಹೋಗಿಬನ್ನಿ.

ಇದಕ್ಕಿಂತ ಸರಳವಾದ ಕಾರಣವೂ ಇದೆ. ಚಿತ್ರ ಋತುವಿನ ಜೊತೆ ನಡೆಯಬೇಕು. ಹೊಸ ವರ್ಷಕ್ಕೆ ಉದಯಿಸುವ ಸೂರ್ಯ ಅಥವಾ ಕೊಕ್ಕರೆ, ಮೇ ತಿಂಗಳಲ್ಲಿ ಕಾರ್ಪ್ ಮೀನು, ಸೆಖೆಗೆ ಜಲಪಾತ, ಆಮೇಲೆ ಕೆಂಪು ಮೇಪಲ್ ಎಲೆ. ಸೆಪ್ಟೆಂಬರ್ ಕೊನೆಯಲ್ಲೂ ಜಲಪಾತವೇ ತೂಗುತ್ತಿದ್ದರೆ ಮನೆಗೆ ಬಂದವರಿಗೆ ಶ್ರಾವಣದಲ್ಲಿ ಎಳ್ಳುಬೆಲ್ಲ ಕೊಟ್ಟ ಹಾಗೆ.

ಸರಿ, ಈಗ ಕೈಕೆಲಸ. ಉಂಗುರ, ವಾಚು, ಬಳೆ, ಕುತ್ತಿಗೆಯಲ್ಲಿ ತೂಗುವ ಐಡಿ ಕಾರ್ಡು ತೆಗೆದಿಡಿ. ಕೈ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಕ್ರೀಮ್ ಬೇಡ. ಚಾಪೆಯ ಮೇಲೆ ಶುಭ್ರ ಬಟ್ಟೆ ಹಾಸಿ ಸುರುಳಿ ಇಡಿ, ದಾರ ಬಿಚ್ಚಿ. ದಾರದ ಕೆಳಗೆ ಒಂದು ತುಂಡು ಕಾಗದ ಇರುತ್ತೆ, ಅದನ್ನು ಪೆಟ್ಟಿಗೆಯೊಳಗೇ ಹಾಕಿ. ಇಲ್ಲಾಂದ್ರೆ ಕಳೆದುಹೋಗೋದು ಗ್ಯಾರಂಟಿ. ಒಂದು ಗೇಣು ಬಿಡಿಸಿದರೆ ಮಡಚಿದ ಎರಡು ಪಟ್ಟಿಗಳು ಕಾಣುತ್ತವೆ, ಅವನ್ನು ನೇರ ಮಾಡಿ.

ಪೆಟ್ಟಿಗೆಯ ಹತ್ತಿರ ತುದಿ ಕವಲಾದ ಬಿದಿರು ಕೋಲೊಂದು ಇರಬೇಕು, ಯಹಜು ಅಂತ ಹೆಸರು. ತೂಗುದಾರವನ್ನು ಆ ಕವಲಿಗೆ ಸಿಕ್ಕಿಸಿ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಇನ್ನೂ ಸುತ್ತಿಕೊಂಡೇ ಇರುವ ಸುರುಳಿ. ಮೊಳೆಗೆ ಹಾಕಿದ ಮೇಲೆ ಕೋಲು ಪಕ್ಕಕ್ಕಿಟ್ಟು, ಕೆಳಗಿನ ಮರದ ದಂಡದ ಎರಡೂ ತುದಿ ಹಿಡಿದು ನಿಧಾನಕ್ಕೆ ಇಳಿಸುತ್ತಾ ಬನ್ನಿ. ಚಿತ್ರದ ಮುಖ ಮುಟ್ಟುವ ಪ್ರಸಂಗವೇ ಬರಬಾರದು.

ಇಳಿಸುವಾಗ ಇದರ ಉಲ್ಟಾ. ತೂಗುತ್ತಿರುವಾಗಲೇ ಕೆಳಗಿನಿಂದ ಮುಕ್ಕಾಲು ಭಾಗ ಸುತ್ತಿ, ಆಮೇಲೆ ಕೋಲಿನಿಂದ ಇಳಿಸಿ, ಉಳಿದದ್ದನ್ನು ನೆಲದ ಮೇಲೆ ಸುತ್ತಿ. ಮೊದಲ ಸಲ ನಾನು ಸುತ್ತಿದಾಗ ಒಂದು ಬದಿ ಟೆಲಿಸ್ಕೋಪಿನ ಹಾಗೆ ಹೊರಗೆ ಬಂತು. ಇಸ್ಪೀಟ್ ಎಲೆ ಜೋಡಿಸಿದಂತೆ ಅಂಗೈಗೆ ಕುಟ್ಟಿ ಸಮ ಮಾಡಲು ಹೋದೆ. ಪಕ್ಕದಲ್ಲಿದ್ದ ಹಿರಿಯರು ಮಾತಾಡಲಿಲ್ಲ, ಸುಮ್ನೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಾಗೆ ಕುಟ್ಟಿದರೆ ಒಳಗೆ ಪದರ ಪದರಕ್ಕೆ ಉಜ್ಜಿ ಬಣ್ಣ ಹೋಗುತ್ತೆ. ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕು, ಬೇರೆ ದಾರಿಯಿಲ್ಲ. ಹಿಂಡಿದಂತೆ ಬಿಗಿಯಾಗಿಯೂ ಸುತ್ತಬೇಡಿ.

ಪೆಟ್ಟಿಗೆಯ ಬಗ್ಗೆ ಎರಡು ಮಾತು. ಅದು ಕಿರಿ ಎಂಬ ಹಗುರ ಮರದ್ದು (ನಮ್ಮ ಹಿರಿ-ಕಿರಿಯ ಕಿರಿ ಅಲ್ಲ). ತೇವ ಜಾಸ್ತಿಯಾದಾಗ ಮರ ಉಬ್ಬಿ ಸಂದು ಮುಚ್ಚಿಕೊಳ್ಳುತ್ತೆ. ಮುಚ್ಚಳದ ಮೇಲಿನ ಬರಹ ಎಷ್ಟೋ ಸಲ ಚಿತ್ರ ಯಾರದು ಅನ್ನೋದಕ್ಕೆ ಸಾಕ್ಷಿ, ಅದನ್ನು ಉಜ್ಜಿ ತೊಳೆಯಬೇಡಿ. ಹುಳು ಬರಬಾರದೆಂದು ನುಸಿಗುಳಿಗೆಯನ್ನೂ ಕರ್ಪೂರವನ್ನೂ ಒಟ್ಟಿಗೆ ಹಾಕಬೇಡಿ. ಎರಡೂ ಸೇರಿದರೆ ಕರಗಿ ನೀರಾಗಿ ಕಲೆ ಬೀಳುತ್ತೆ. ಜೂನ್-ಜುಲೈ ಮಳೆಗಾಲದಲ್ಲಿ ಪೆಟ್ಟಿಗೆ ತೆರೆಯದಿರುವುದೇ ಲೇಸು. ಶರತ್ಕಾಲದ ಒಣ ಹವೆಯಲ್ಲಿ, ಬಿಸಿಲು ತಾಗದ ಕಡೆ ಕೆಲವು ಗಂಟೆ ಗಾಳಿಗೆ ಹಾಕಿ. ಎಲ್ಲಾದರೂ ಹರಿದಿದ್ದರೆ ಸೆಲ್ಲೋಟೇಪ್ ಮುಟ್ಟಬೇಡಿ, ಅಜ್ಜಿಗೆ ಹೇಳಿ.

ನೋಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಕೂತು ನೋಡಿ. ಆ ಗೂಡಿಗೆ, ಅಂದರೆ ತೊಕೊನೊಮಾಗೆ, ಹತ್ತಬಾರದು, ಸೂಟ್‌ಕೇಸ್ ಇಡಬಾರದು. ಒಂದು ಚಾಪೆಯಷ್ಟು ದೂರ ನೆಲದ ಮೇಲೆ ಕೂತರೆ ಚಿತ್ರ ಸರಿಯಾಗಿ ಕಣ್ಣಿಗೆ ಬರುತ್ತೆ. ಟ್ಯೂಬ್‌ಲೈಟ್ ಆರಿಸಿ, ಪಕ್ಕದ ಕಾಗದದ ಬಾಗಿಲಿನಿಂದ ಸೋಸಿ ಬರುವ ಸಂಜೆ ಬೆಳಕಿನಲ್ಲಿ ಒಮ್ಮೆ ನೋಡಿ. ನಿಂತಾಗ ಖಾಲಿ ಬಿಳಿ ಅನ್ನಿಸಿದ ಜಾಗ ಆಗ ಮಂಜಾಗಿರುತ್ತೆ.

ಮೊದಲ ಸಲ ಬದಲಾಯಿಸುವಾಗ ಮಾತ್ರ ಅಜ್ಜಿಯನ್ನು ಚಹಾಕ್ಕೆ ಕರೆಯಿರಿ. ಕುರ್ಚಿಯಲ್ಲಿ ಕೂತುಕೊಂಡು ಅವರು ಹೇಳಲಿ, ನೀವು ಮಾಡಿ.