ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿದೆ, ಈಗ ಮತ್ತೆ ಮುಳುಗಬೇಕಾ?

ಪ್ರಶ್ನೆ: ನನ್ನ ತವರು ಕೋಲಾರ. ಮೂರು ತಿಂಗಳ ಮಗುವಾಗಿದ್ದಾಗ ಮೆಥಡಿಸ್ಟ್ ಸಭೆಯಲ್ಲಿ (ಚರ್ಚಿನಲ್ಲಿ) ತಲೆಗೆ ನೀರು ಹಾಕಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಟ್ಟಿದ್ದಾರೆ. ಮದುವೆಯಾಗಿ ಚಿಂತಾಮಣಿಗೆ ಬಂದ ಮೇಲೆ ಅತ್ತೆ ಮನೆಯವರ ಸಭೆಗೆ ಹೋಗುತ್ತಿದ್ದೇನೆ. ‘ಅದು ಲೆಕ್ಕಕ್ಕಿಲ್ಲ, ಮುಳುಗಿ ತಗೊಂಡರೇ ಕರ್ತನ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ)’ ಅನ್ನುತ್ತಾರೆ. ಎರಡನೇ ಸಲ ತೆಗೆದುಕೊಳ್ಳಬಹುದಾ?

ಉತ್ತರ: ಎರಡನೇ ಸಲದ ದೀಕ್ಷಾಸ್ನಾನ ಅನ್ನುವುದನ್ನು ಈ ಎರಡೂ ಸಭೆಗಳು ಒಪ್ಪುವುದಿಲ್ಲ. ನಿಮ್ಮ ತವರಿನ ಸಭೆ ‘ಒಂದು ಸಲ ಆಯಿತು, ಮುಗಿಯಿತು’ ಅನ್ನುತ್ತದೆ. ಅತ್ತೆ ಮನೆಯ ಸಭೆ ‘ಮೊದಲನೆಯದು ಆಗಿಯೇ ಇಲ್ಲ, ಇದೇ ಮೊದಲು’ ಅನ್ನುತ್ತದೆ. ಹಾಗಾಗಿ ನೀರು ಚೊಂಬಿನಷ್ಟೋ ತೊಟ್ಟಿಯಷ್ಟೋ ಎಂಬುದು ಮೇಲಿನ ಮಾತು. ಒಳಗಿನ ತಕರಾರು, ನಂಬಿಕೆ ಯಾರದಿರಬೇಕು ಎಂಬುದು.

ಮುಳುಗಿಸುವವರ ವಾದಕ್ಕೆ ಬಲವಿದೆ. ‘ಬಾಪ್ಟಿಜೋ’ ಎಂಬ ಗ್ರೀಕ್ ಮಾತಿಗೆ ಅದ್ದು, ಮುಳುಗಿಸು ಎಂಬುದೇ ಮೂಲ ಅರ್ಥ. ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು ದೀಕ್ಷಾಸ್ನಾನವನ್ನು ಕ್ರಿಸ್ತನೊಂದಿಗೆ ಹೂಣಲ್ಪಡುವುದಕ್ಕೆ ಹೋಲಿಸುತ್ತಾನೆ. ಹೂಣುವುದೆಂದರೆ ಪೂರ್ತಿ ಒಳಗೆ ಹೋಗಬೇಕು, ನೆತ್ತಿಗೆ ಮಣ್ಣು ಹಾಕಿದರೆ ಆಗದು ಎನ್ನುತ್ತಾರೆ ಇವರು. ನಂಬಿಕೆ ಮೊದಲು, ನೀರು ಆಮೇಲೆ. ಮೂರು ತಿಂಗಳ ಮಗು ಏನು ನಂಬೀತು?

ತಲೆಗೆ ನೀರು ಹಾಕುವವರ ಮಾತೂ ಹಗುರವಲ್ಲ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 16ನೇ ಅಧ್ಯಾಯದಲ್ಲಿ ಸೆರೆಮನೆಯ ಯಜಮಾನನ ಜೊತೆ ಮನೆಯವರೆಲ್ಲರಿಗೂ, ಅದೇ ರಾತ್ರಿ, ದೀಕ್ಷಾಸ್ನಾನವಾಯಿತು. ಆ ಎಲ್ಲರಲ್ಲಿ ಮಕ್ಕಳೂ ಇದ್ದಿರಬೇಕು ಎನ್ನುತ್ತಾರೆ ಇವರು. ‘ದಿದಖೆ’ ಎಂಬ ಬಹಳ ಹಳೆಯ ಸಭಾ ಕೈಪಿಡಿ ಹರಿಯುವ ನೀರು ಉತ್ತಮ, ಸಿಗದಿದ್ದರೆ ಬೇರೆ ನೀರು, ಅದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಅನ್ನುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರಕ್ಕೆಂದೇ ಬರೆದ ಹಾಗಿದೆ! ಈ ಸಭೆಗಳಲ್ಲಿ ಮಗುವಿನ ಪರವಾಗಿ ತಂದೆತಾಯಿ ಮಾತು ಕೊಡುತ್ತಾರೆ. ದೊಡ್ಡವರಾದ ಮೇಲೆ ದೃಢೀಕರಣದಲ್ಲಿ ಆ ಮಾತನ್ನು ಸ್ವತಃ ಹೇಳಬೇಕು. ನಿಮಗೆ ದೃಢೀಕರಣ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗಿದ್ದರೆ ನಿಮ್ಮ ನಂಬಿಕೆಯನ್ನು ಸಭೆಯ ಮುಂದೆ ಆಗಲೇ ಒಪ್ಪಿಕೊಂಡಿದ್ದೀರಿ. ಅತ್ತೆ ಮನೆಯ ಪಾಸ್ಟರಿಗೆ ಇದನ್ನು ಮೊದಲು ಹೇಳಿ.

ಮತ್ತೆ ಕೊಡಬಹುದು ಎನ್ನಲು ಅದೇ ಪುಸ್ತಕದ 19ನೇ ಅಧ್ಯಾಯವನ್ನು ತೋರಿಸುವುದುಂಟು. ಅಲ್ಲಿ ಎಫೆಸದವರಿಗೆ ಮೊದಲು ಆಗಿದ್ದು ಯೋಹಾನನ ದೀಕ್ಷಾಸ್ನಾನ, ಯೇಸುವಿನ ಹೆಸರಿನದಲ್ಲ. ನೀರು ಕಡಿಮೆಯಾಯಿತೆಂದು ಮತ್ತೆ ಕೊಟ್ಟಿದ್ದಲ್ಲ. ನಿಮ್ಮ ವಿಷಯಕ್ಕೆ ಅದು ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥಡಿಸ್ಟ್, ಕ್ಯಾಥೊಲಿಕ್ ಸಭೆಗಳು ಮುಖ್ಯವಾಗಿ ನೋಡುವುದು ಎರಡನ್ನು: ನೀರು, ಮತ್ತು ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂಬ ಮಾತು. ಇವೆರಡೂ ಇದ್ದರೆ ಮತ್ತೆ ಕೊಡುವುದಿಲ್ಲ. ಆಗಿದೆಯೋ ಇಲ್ಲವೋ ಎಂಬ ನಿಜವಾದ ಅನುಮಾನವಿದ್ದರೆ ಕ್ಯಾಥೊಲಿಕ್ ಗುರುಗಳು ‘ಆಗಿರದಿದ್ದರೆ’ ಎಂಬ ಷರತ್ತು ಸೇರಿಸಿ ಜ್ಞಾನಸ್ನಾನ (ದೀಕ್ಷಾಸ್ನಾನಕ್ಕೆ ಅವರ ಹೆಸರು) ಕೊಡುತ್ತಾರೆ. ಆದ್ದರಿಂದ ಮೊದಲು ಕೋಲಾರಕ್ಕೆ ಹೋಗಿ ರಿಜಿಸ್ಟರಿನ ನಕಲು ತೆಗೆಸಿ. ಮತ್ತೆ ಮುಳುಗಿದರೆ ಅಲ್ಲಿನ ನಿಮ್ಮ ಸದಸ್ಯತ್ವ, ಮುಂದೆ ಮಕ್ಕಳ ಮದುವೆ, ಸ್ಮಶಾನದ ಜಾಗ ಏನಾಗುತ್ತದೆ ಎಂಬುದನ್ನೂ ಅಲ್ಲಿನ ಸಭೆಯ ಅಯ್ಯನವರ (ಪಾಸ್ಟರ್) ಹತ್ತಿರ ಬಾಯಿಬಿಟ್ಟು ಕೇಳಿ. ನಾಚಿಕೆಪಟ್ಟು ಕೇಳದೆ ಬಂದವರೇ ಆಮೇಲೆ ಪರದಾಡುವುದು.

ಒಂದು ಮಾತು ನೇರವಾಗಿ: ಅತ್ತೆಯ ಬಾಯಿ ಮುಚ್ಚಿಸಲು ಮುಳುಗಬೇಡಿ. ಸ್ವಂತ ನಂಬಿಕೆಯೇ ಮುಖ್ಯ ಎನ್ನುವ ಸಭೆಯ ಲೆಕ್ಕದಲ್ಲೂ ಒತ್ತಾಯದ ದೀಕ್ಷಾಸ್ನಾನಕ್ಕೆ ಬೆಲೆಯಿಲ್ಲ.

ಯೋಚಿಸಿ, ಮನಸ್ಸಿನಿಂದಲೇ ಮುಳುಗುವುದೆಂದು ತೀರ್ಮಾನಿಸಿದರೆ, ಎಲ್ಲಿ ಎಂದು ವಿಚಾರಿಸಿ. ಕೆರೆ ಬೇಡ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಬಾಯಿಗೆ, ಕಣ್ಣಿಗೆ ಹೋಗುವಂಥದ್ದಲ್ಲ. ಮಣ್ಣು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ, ಒಂದು ಹೆಜ್ಜೆ ಆಚೆಗೇ ಆಳು ಮುಳುಗುವ ಆಳ. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ ಇನ್ನೂ ಅಪಾಯ, ಇಳಿಜಾರಿನಲ್ಲಿ ಕಾಲು ಜಾರಿದರೆ ಹತ್ತಿ ಬರಲು ಹಿಡಿತವೇ ಸಿಗದು. ತೊಟ್ಟಿಯೇ ಸರಿ. 7 ಅಡಿ ಉದ್ದ, 4 ಅಡಿ ಅಗಲದ ತೊಟ್ಟಿಗೆ ಮೂರೂಕಾಲು ಅಡಿ ನೀರು ನಿಲ್ಲಿಸಲು ಸುಮಾರು 2,600 ಲೀಟರ್ ಬೇಕು. ಬೋರ್‌ವೆಲ್ ನೀರನ್ನು ಹಿಂದಿನ ದಿನವೇ ತುಂಬಿಟ್ಟರೆ ಹೂಳು ತಳಕ್ಕೆ ಕೂರುತ್ತದೆ. ಚಳಿಗಾಲದಲ್ಲಿ ನೀರು ಕಾಯಿಸಲು ಹೀಟರ್ ರಾಡ್ ಇಳಿಬಿಟ್ಟಿದ್ದರೆ, ಪ್ಲಗ್ ಕಿತ್ತು, ರಾಡನ್ನೇ ಹೊರಗೆ ತೆಗೆಯುವವರೆಗೆ ಯಾರೂ ಕಾಲಿಡಬಾರದು. ವೈರಿನ ಮೈಕೂ ತೊಟ್ಟಿಯ ಹತ್ತಿರ ಸುಳಿಯಬಾರದು.

ಬಟ್ಟೆ ದಪ್ಪ, ಗಾಢ ಬಣ್ಣದ ಚೂಡಿದಾರ್ ಇರಲಿ. ಸೀರೆಯ ನೆರಿಗೆ ನೀರಿನಲ್ಲಿ ತೇಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ಮುಜುಗರ. ತೊಟ್ಟಿಯಲ್ಲಿ ಪಾಸ್ಟರಿಗೆ ಅಡ್ಡವಾಗಿ ನಿಂತು ಬಲಗೈಯಿಂದ ಮೂಗು ಹಿಡಿಯಿರಿ, ಎಡಗೈಯಿಂದ ಆ ಬಲಗೈಯ ಮಣಿಕಟ್ಟು ಹಿಡಿಯಿರಿ. ಅವರ ಒಂದು ಕೈ ನಿಮ್ಮ ಮಣಿಕಟ್ಟಿನ ಮೇಲೆ, ಇನ್ನೊಂದು ಬೆನ್ನಿನ ಮೇಲ್ಭಾಗಕ್ಕೆ. ಮಾತು ಮುಗಿಯುವ ಮುನ್ನ ಉಸಿರು ತೆಗೆದುಕೊಳ್ಳಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಮರದ ಹಲಗೆಯ ಹಾಗೆ ಸೆಟೆದು ಹಿಂದಕ್ಕೆ ಬೀಳುತ್ತಾರೆ, ಪಾದ ಮೇಲೇಳುತ್ತದೆ, ಪೂರ್ತಿ ಭಾರ ಪಾಸ್ಟರ್ ಕೈಗೆ. ಮಂಡಿ ಮಡಿಸಿ, ಕುರ್ಚಿಯಲ್ಲಿ ಕೂರುವಂತೆ ಕುಸಿಯುತ್ತಾ ಹಿಂದಕ್ಕೆ ಒರಗಿದರೆ ಪಾದ ತಳದಲ್ಲೇ ಉಳಿಯುತ್ತದೆ. ಒಳಗಿರುವುದು ಎರಡು ಸೆಕೆಂಡು ಅಷ್ಟೇ.

ಫಿಟ್ಸ್ ಬರುವವರು, ಹೃದಯದ ತೊಂದರೆ ಇರುವವರು, ತುಂಬು ಗರ್ಭಿಣಿಯರು ಮೊದಲೇ ತಿಳಿಸಬೇಕು. ಮೆಟ್ಟಿಲ ಬುಡದಲ್ಲಿ ಗೋಣಿಚೀಲ ಹಾಸಿರಲಿ. ಬಹಳ ಜನ ಜಾರುವುದು ನೀರಿನೊಳಗಲ್ಲ, ಹತ್ತಿ ಬಂದ ಮೇಲೆ.